ಹದಿನೈದನೇ ಕಲಂ: ಹಿಂದೂಪುರ, ಕಲ್ಯಾಣದುರ್ಗಗಳಿಂದ ನೋಡಿದಾಗ

2019ರಲ್ಲಿ ಸಂಸತ್ತು ಅಂಗೀಕರಿಸಿ 2020ರ ಜನವರಿ 10ರಿಂದ ಜಾರಿಗೆ ಬಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಆರೋಗ್ಯಸೇವೆಗೆ ಮೀಸಲಾದದ್ದು 15ನೇ ಕಲಂ. ಸರ್ಕಾರ ಕೈಗೊಳ್ಳಬೇಕಾದ ಏಳು ಕ್ರಮಗಳನ್ನು ಅದು ಪಟ್ಟಿಮಾಡುತ್ತದೆ. ಮೊದಲನೆಯದು ಪ್ರತ್ಯೇಕ ಎಚ್‌ಐವಿ ನಿಗಾ ಕೇಂದ್ರಗಳ ಸ್ಥಾಪನೆ, ಅಂದರೆ ಈ ಸಮುದಾಯದವರ ರಕ್ತವನ್ನು ಪರೀಕ್ಷಿಸಿ ಸೋಂಕಿನ ಏರಿಳಿತವನ್ನು ಗಮನಿಸುವ ವ್ಯವಸ್ಥೆ. ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನ್ ಚಿಕಿತ್ಸೆ, ಆಪ್ತಸಮಾಲೋಚನೆ, ಚಿಕಿತ್ಸಾ ಕೈಪಿಡಿ, ವೈದ್ಯಕೀಯ ಪಠ್ಯಕ್ರಮದ ಪರಿಷ್ಕರಣೆ ಇವೆಲ್ಲ ಅದರ ನಂತರ ಬರುತ್ತವೆ. ಆಸ್ಪತ್ರೆಗಳಲ್ಲಿ ಈ ಜನರಿಗೆ ಸುಗಮ ಪ್ರವೇಶ ಒದಗಿಸುವ ಮಾತು ಆರನೆಯದು, ವಿಮೆ ಏಳನೆಯದು. ಕಾನೂನಿನ ಪಟ್ಟಿಯಲ್ಲಿ ಮೊದಲು ಬಂದದ್ದಕ್ಕೆ ಹೆಚ್ಚಿನ ಬಲವೇನೂ ಇರುವುದಿಲ್ಲವೆಂಬುದು ನಿಜವಾದರೂ, ಕರಡು ಬರೆದವರ ಕಣ್ಣಿಗೆ ಈ ಜನ ಮೊದಲು ಸೋಂಕಿನ ವಾಹಕರಾಗಿ, ಆಮೇಲೆ ರೋಗಿಗಳಾಗಿ, ಕೊನೆಗೆ ನಾಗರಿಕರಾಗಿ ಕಂಡರೆಂಬುದನ್ನು ಆ ಅನುಕ್ರಮ ಮುಚ್ಚಿಡುವುದಿಲ್ಲ.

ಇಂಥ ಕಲಂನ ಮೌಲ್ಯಮಾಪನವನ್ನು ದೆಹಲಿಯಲ್ಲಿ ಅಥವಾ ಬೆಂಗಳೂರಿನಲ್ಲಿ ಕುಳಿತು ಮಾಡುವುದಕ್ಕಿಂತ ಆಂಧ್ರ-ಕರ್ನಾಟಕ ಗಡಿಯ ಊರುಗಳಲ್ಲಿ ನಿಂತು ಮಾಡುವುದು ಹೆಚ್ಚು ನ್ಯಾಯವಾದದ್ದು. ಕನ್ನಡ ಮತ್ತು ತೆಲುಗು ಒಂದೇ ಬೀದಿಯಲ್ಲಿ ಕೇಳಿಬರುವ ಹಿಂದೂಪುರ ಮತ್ತು ಕಲ್ಯಾಣದುರ್ಗಗಳೆರಡೂ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದವು. ಜಿಲ್ಲಾ ವಿಭಜನೆಯ ನಂತರ ಹಿಂದೂಪುರವು ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹಿಂದೂಪುರದಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್, ಗೌರಿಬಿದನೂರಿನ ಮೇಲೆ ಹಾದುಹೋಗುವ ರೈಲಿನ ದಾರಿ. ಕಲ್ಯಾಣದುರ್ಗಕ್ಕೆ ನೆರೆಯಾದದ್ದು ಕರ್ನಾಟಕದ ಪಾವಗಡ. ಆದರೆ ಕಾಯಿಲೆ ಬಿದ್ದವರಿಗೆ ಹತ್ತಿರದ ಊರು ಯಾವುದು ಎನ್ನುವುದನ್ನು ರೈಲಿನ ವೇಳಾಪಟ್ಟಿಯಷ್ಟೇ ಅಲ್ಲ, ಕೈಯಲ್ಲಿರುವ ಕಾರ್ಡು ಯಾವ ರಾಜ್ಯದ್ದೆಂಬುದೂ ನಿರ್ಧರಿಸುತ್ತದೆ.

ಈ ಪ್ರದೇಶದಲ್ಲಿ ಹಿಜಡಾ ಸಮುದಾಯಕ್ಕೂ ಸಲಿಂಗಾಸಕ್ತ ಪುರುಷರಿಗೂ ಆಸ್ಪತ್ರೆಯ ಬಾಗಿಲು ಮೊದಲು ತೆರೆದದ್ದು ಎಚ್‌ಐವಿ ಕಾರ್ಯಕ್ರಮದಿಂದಲೇ ಎಂಬುದನ್ನು ಒಪ್ಪಬೇಕು, ಅದಕ್ಕೆ ಸಲ್ಲಬೇಕಾದ ಮನ್ನಣೆಯನ್ನೂ ಕೊಡಬೇಕು. ಸೋಂಕಿನ ಪ್ರಮಾಣ ರಾಷ್ಟ್ರದ ಸರಾಸರಿಗಿಂತ ಬಹಳ ಹೆಚ್ಚಾಗಿದ್ದ ಆಂಧ್ರಪ್ರದೇಶ ಮತ್ತು ಕರ್ನಾಟಕಗಳು 2003ರಲ್ಲಿ ಆರಂಭವಾದ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯ ಆರು ರಾಜ್ಯಗಳಲ್ಲಿ ಸೇರಿದ್ದವು. 2004ರ ಏಪ್ರಿಲ್‌ನಿಂದ ಎಆರ್‌ಟಿ ಎಂದು ಕರೆಯುವ, ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾದವು. ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್, ಜನರ ಬಾಯಲ್ಲಿ ಆರ್‌ಡಿಟಿ, ಕಲ್ಯಾಣದುರ್ಗದಲ್ಲೂ ಬತ್ತಲಪಲ್ಲಿಯಲ್ಲೂ ಆಸ್ಪತ್ರೆ ನಡೆಸುತ್ತದೆ. ಬತ್ತಲಪಲ್ಲಿಯ ಎಚ್‌ಐವಿ ವಿಭಾಗದ ದಾಖಲೆಗಳನ್ನಾಧರಿಸಿದ ಅಧ್ಯಯನಗಳು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಊರಿನವರೇ ಕಾರ್ಯಕರ್ತರಾಗಿ ತಮ್ಮವರನ್ನು ಕೈಹಿಡಿದು ಪರೀಕ್ಷೆಗೆ ಕರೆತಂದ ಕ್ರಮ ಇಡೀ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಪಾಠವಾಗಬಲ್ಲದು.

ದೋಷವಿರುವುದು ಆ ಬಾಗಿಲಿನ ಅಗಲದಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಯಾರನ್ನು ಹೆಚ್ಚಿನ ಅಪಾಯದ ಗುಂಪೆಂದು ಹೆಸರಿಸಿತೋ ಅವರಿಗೆ ಮಾತ್ರ ಕಾರ್ಯಕರ್ತರು, ಕಾಂಡೋಮು, ಪರೀಕ್ಷೆಗಳು ದೊರೆತವೇ ಹೊರತು ಹೆಣ್ಣನ್ನು ಪ್ರೀತಿಸುವ ಹೆಣ್ಣು ಆ ಲೆಕ್ಕಕ್ಕೇ ಬರಲಿಲ್ಲ; ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವ ಟ್ರಾನ್ಸ್ ಪುರುಷರೂ ಬರಲಿಲ್ಲ. ಸ್ತ್ರೀರೋಗ ವಿಭಾಗದಲ್ಲಿ ‘ಮದುವೆ ಆಗಿದೆಯಾ’ ಎಂಬ ಮೊದಲ ಪ್ರಶ್ನೆಯೇ ಅವರ ಮಟ್ಟಿಗೆ ಕೊನೆಯ ಪ್ರಶ್ನೆಯೂ ಆಗುತ್ತದೆ. ಸೋಂಕಿನ ಬಾಗಿಲಿನಿಂದ ಒಳಬಂದವರಿಗೂ ಸಕ್ಕರೆ ಕಾಯಿಲೆ, ಮೂಳೆ ಮುರಿತ, ಖಿನ್ನತೆಗಳಿಗೆ ಅದೇ ಸಲುಗೆಯ ಸ್ವಾಗತ ಸಿಗುವುದಿಲ್ಲ. ಹಣ ಹೊರಗಿನದಾದರಂತೂ ಬಾಗಿಲು ಯಾವ ದಿನ ಮುಚ್ಚೀತೆಂದು ಹೇಳುವಂತಿಲ್ಲ: ಅಮೆರಿಕದ ನೆರವಿನಿಂದ 2021ರಲ್ಲಿ ಹೈದರಾಬಾದಿನಲ್ಲಿ ತೆರೆದ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸಾಮಾನ್ಯ ಕಾಯಿಲೆಯಿಂದ ಹಾರ್ಮೋನ್‌ವರೆಗೆ ಎಲ್ಲವನ್ನೂ ಒಂದೇ ಸೂರಿನಡಿ ನೋಡುತ್ತಿದ್ದ ಮಿತ್ರ್ ಕ್ಲಿನಿಕ್, ಆ ನೆರವು ನಿಂತಾಗ 2025ರಲ್ಲಿ ಬಾಗಿಲು ಹಾಕಿತು.

ಹಾರ್ಮೋನ್ ಚಿಕಿತ್ಸೆಯ ವಿಷಯದಲ್ಲಿ ಕಾಯ್ದೆಯ ಮಾತಿಗೂ ಊರಿನ ವಾಸ್ತವಕ್ಕೂ ಇರುವ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ದೇಹವನ್ನು ಹೆಣ್ಣಿನ ರೂಪಕ್ಕೆ ತರಬಯಸುವವರು ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ಮಾಲಾ-ಡಿಯಂಥ ಗರ್ಭನಿರೋಧಕ ಮಾತ್ರೆಗಳನ್ನು ತಂದು ದಿನಕ್ಕೆ ಹಲವನ್ನು ನುಂಗುವುದು ದೇಶದಾದ್ಯಂತ ಕಂಡುಬಂದಿರುವ ರೂಢಿ. ಆ ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಡಯೋಲ್ ಎಂಬ ಕೃತಕ ಈಸ್ಟ್ರೋಜನ್, ದಿನಕ್ಕೊಂದರ ಮಿತಿ ಮೀರಿದಾಗ, ಅದರಲ್ಲೂ ಸೇವಿಸುವವರು ಬೀಡಿ ಸಿಗರೇಟು ಸೇದುವವರಾಗಿದ್ದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವ ಅಪಾಯವನ್ನು ಹೆಚ್ಚಿಸುತ್ತದೆ. ಅದಕ್ಕಿಂತ ಸುರಕ್ಷಿತವಾದ ಎಸ್ಟ್ರಡಯೋಲ್ ಔಷಧಗಳಿವೆ. ಅವನ್ನು ಕೊಡಲು ಬೇಕಾದದ್ದು ಬರೆದುಕೊಡುವ ವೈದ್ಯರು ಮತ್ತು ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಇಷ್ಟೇ.

ಶಸ್ತ್ರಚಿಕಿತ್ಸೆಯ ಚರಿತ್ರೆಯೂ ಇದೇ ಬಗೆಯದು. ಹಿಜಡಾ ಪರಂಪರೆಯಲ್ಲಿ ‘ನಿರ್ವಾಣ’ ಎಂದು ಕರೆಯುವ ಜನನಾಂಗ ಛೇದನವನ್ನು ಹಿಂದೆ ಸಮುದಾಯದ ಹಿರಿಯರೇ ಅರಿವಳಿಕೆಯಿಲ್ಲದೆ ನೆರವೇರಿಸುತ್ತಿದ್ದರು. ಪುರುಷತ್ವಹರಣವನ್ನು ಘೋರ ಗಾಯಗಳ ಪಟ್ಟಿಯಲ್ಲಿ ಮೊದಲಿಗಿರಿಸಿದ್ದ ಭಾರತೀಯ ದಂಡಸಂಹಿತೆಯ 320ನೇ ಕಲಂನ ಭಯದಿಂದ ಅನೇಕ ವೈದ್ಯರು ಹಿಂಜರಿದರು. ನೆರೆಯ ತಮಿಳುನಾಡು 2008ರಲ್ಲೇ ಇವರಿಗಾಗಿ ಕಲ್ಯಾಣ ಮಂಡಳಿ ರಚಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿತು ಎಂಬುದನ್ನು ನೆನೆದರೆ, ಕಾನೂನಿನ ತೊಡಕಿಗಿಂತ ಆಡಳಿತದ ಮನಸ್ಸೇ ದೊಡ್ಡ ಅಡ್ಡಿಯಾಗಿತ್ತೆಂದು ಹೇಳಬೇಕಾಗುತ್ತದೆ.

ಏಳನೆಯ ಕ್ರಮವಾದ ವಿಮೆಯ ಭರವಸೆ 2022ರಲ್ಲಿ ‘ಆಯುಷ್ಮಾನ್ ಭಾರತ್ ಟಿಜಿ ಪ್ಲಸ್’ ಎಂಬ ಹೆಸರಿನಲ್ಲಿ ರೂಪ ಪಡೆಯಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಅದರಲ್ಲಿ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಯೂ ಸೇರಿದ್ದು, ಕಾಗದದ ಮೇಲೆ ಶ್ಲಾಘನೀಯವೇ ಸರಿ. ಆದರೆ ಅದಕ್ಕೆ ರಾಷ್ಟ್ರೀಯ ಪೋರ್ಟಲಿನ ಮೂಲಕ ಜಿಲ್ಲಾಧಿಕಾರಿಯಿಂದ ಪಡೆದ ಗುರುತಿನ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ವಿಳಾಸ ಬೇಕು, ಮನೆಯಿಂದ ಹೊರದೂಡಲ್ಪಟ್ಟವರ ವಿಳಾಸವೋ ಹಲವು ಬಾರಿ ಹೊರದೂಡಿದ ಮನೆಯದೇ ಆಗಿರುತ್ತದೆ. ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಗಿದೆಯೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಹೇಳಿದ್ದಕ್ಕೂ ಈ ಕಚೇರಿ ಸುತ್ತಾಟಕ್ಕೂ ಹೊಂದಾಣಿಕೆಯಿಲ್ಲ.

ಕಾಯ್ದೆಯ ಮೂಲ ಪಠ್ಯದ ಇನ್ನೊಂದು ಕೊರತೆಯನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಆರೋಗ್ಯಸೇವೆಯ ನಿರಾಕರಣೆಯನ್ನು 3ನೇ ಕಲಂ ನಿಷೇಧಿಸುತ್ತದೆ, ಆದರೆ ಶಿಕ್ಷೆ ವಿಧಿಸುವ 18ನೇ ಕಲಂನ ಅಪರಾಧಗಳ ಪಟ್ಟಿಯಲ್ಲಿ ಆ ನಿರಾಕರಣೆಯ ಹೆಸರೇ ಇಲ್ಲ. ಸಲಿಂಗಾಸಕ್ತರ ಪ್ರಸ್ತಾಪವಂತೂ ಆ ಮೂಲ ಪಠ್ಯದಲ್ಲಿ ಎಲ್ಲಿಯೂ ಬರುವುದಿಲ್ಲ. ಅವರಿಗಿರುವ ಆಸರೆ, ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಮಾಡಬಾರದೆನ್ನುವ 2017ರ ಮಾನಸಿಕ ಆರೋಗ್ಯ ಕಾಯ್ದೆ, ಮತ್ತು ಒಲವನ್ನು ‘ಸರಿಪಡಿಸುವ’ ಹೆಸರಿನ ಚಿಕಿತ್ಸೆ ವೃತ್ತಿದ್ರೋಹವೆಂದು ಮದ್ರಾಸ್ ಹೈಕೋರ್ಟಿನ ಆದೇಶದ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿದ ಸೂಚನೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವ ಹಳೆಯ ವೈದ್ಯಕ್ಕೆ ಯಾವ ಆಯೋಗದ ಸೂಚನೆಯೂ ಇನ್ನೂ ತಲುಪಿಲ್ಲವೆಂಬುದು ಬೇರೆ ಮಾತು.

ಒಟ್ಟಿನಲ್ಲಿ 15ನೇ ಕಲಂ ದೊಡ್ಡ ನಗರದ ದೊಡ್ಡ ಆಸ್ಪತ್ರೆಯನ್ನು ಕಣ್ಮುಂದಿಟ್ಟುಕೊಂಡು ಬರೆದದ್ದು, ತಾಲೂಕು ಕೇಂದ್ರದ ಓಪಿ ಚೀಟಿಯ ಕೌಂಟರನ್ನು ಅದು ನೋಡಿಯೇ ಇಲ್ಲ. ಸೀರೆಯುಟ್ಟ ವ್ಯಕ್ತಿಯ ಚೀಟಿಯಲ್ಲಿ ಆಧಾರ್‌ನ ಗಂಡು ಹೆಸರು ಬರೆದು, ತುಂಬಿದ ಸಾಲಿನೆದುರು ಅದನ್ನು ಕೂಗಿ ಕರೆದರೆ, ಕರೆಸಿಕೊಂಡವರು ಒಳಗೆ ಹೋಗುವ ಬದಲು ಹೊರಗೆ ನಡೆಯುತ್ತಾರೆ. ಅಲ್ಲಿಗೆ ಕಾಯ್ದೆಯ ಏಳೂ ಕ್ರಮಗಳು ಮುಗಿದಂತೆ. ಇದನ್ನು ಸರಿಪಡಿಸಲು ಶಸ್ತ್ರಚಿಕಿತ್ಸಾ ಘಟಕ ಬೇಕಿಲ್ಲ. ಕರೆಯುವ ಹೆಸರಿಗೆ ಚೀಟಿಯಲ್ಲೊಂದು ಜಾಗ, ಪ್ರಮಾಣಪತ್ರದ ಅರ್ಜಿಗೆ ಆಸ್ಪತ್ರೆಯಲ್ಲೇ ಸಹಾಯ, ಕನ್ನಡ ಮತ್ತು ತೆಲುಗು ಎರಡರಲ್ಲೂ ಒಪ್ಪಿಗೆಪತ್ರ, ವಾರದಲ್ಲೊಂದು ಮಧ್ಯಾಹ್ನ ಹಾರ್ಮೋನ್ ತಪಾಸಣೆ, ಇವಿಷ್ಟನ್ನು ಪುಟ್ಟಪರ್ತಿ ಮತ್ತು ಅನಂತಪುರದ ಜಿಲ್ಲಾಡಳಿತಗಳು ವಿಜಯವಾಡ ದೆಹಲಿಗಳ ಅಪ್ಪಣೆಗೆ ಕಾಯದೆ ಆರಂಭಿಸಬಹುದು, ಆರಂಭಿಸಬೇಕು. ಆ ತಪಾಸಣೆಯಲ್ಲಿ ಹಾರ್ಮೋನಿನ ಮಟ್ಟದ ಜೊತೆಗೆ ನೋಡಬೇಕಾದವು ಯಕೃತ್ತು, ಸಕ್ಕರೆ, ಕೊಬ್ಬು, ಪೊಟ್ಯಾಸಿಯಮ್ ಮತ್ತು ರಕ್ತದೊತ್ತಡ. ಇವು ಯಾವ ರೋಗಿಗೂ ಮಾಡುವ ಸಾಧಾರಣ ಪರೀಕ್ಷೆಗಳು.