ಆಯುಧಗಳ ನಡುವೆ ಗೃಹಸ್ಥ: ‘ದಿ ಅಮೆರಿಗನ್ಸ್’ ಛಾಯಾಚಿತ್ರ ಗ್ರಂಥದ ಒಂದು ಪರಿಶೀಲನೆ

ಇಟಲಿಯ ಛಾಯಾಗ್ರಾಹಕ ಗಾಬ್ರಿಯೇಲೆ ಗಲಿಂಬೆರ್ತಿಯವರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಂಚರಿಸಿ, ಬಂದೂಕುಗಳನ್ನು ಸಂಗ್ರಹಿಸಿಟ್ಟುಕೊಂಡಿರುವ ಗೃಹಸ್ಥರನ್ನು ಅವರವರ ಮನೆಗಳಲ್ಲಿಯೇ ಚಿತ್ರಿಸಿ, ೨೦೨೦ರಲ್ಲಿ ‘ದಿ ಅಮೆರಿಗನ್ಸ್’ ಎಂಬ ಗ್ರಂಥವನ್ನು ಹೊರತಂದರು. ೨೦೨೧ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ, ವ್ಯಕ್ತಿಚಿತ್ರಗಳ ಸರಣಿಗೆ ಮೀಸಲಾದ ಪ್ರಥಮ ಬಹುಮಾನ ಈ ಚಿತ್ರಗಳಿಗೆ ಸಂದಿತು. ಕಲಾಕೃತಿಯೆಂದು ಇದನ್ನು ಮೆಚ್ಚಿದವರು ಅನೇಕರು. ಪರಿಗ್ರಹದ ವಿಚಾರವಾಗಿ ಇದನ್ನು ಓದಿದವರು ವಿರಳ. ಶ್ರಾವಕರ ಕಣ್ಣಿಗೆ ಈ ಗ್ರಂಥ ಮೊದಲು ಕಾಣುವುದೇ ಹಾಗೆ.

ಚಿತ್ರಗಳ ರಚನಾಕ್ರಮ ಒಂದೇ ಬಗೆಯದು. ಕಪಾಟಿನಲ್ಲಿಯೂ ತಿಜೋರಿಯಲ್ಲಿಯೂ ಇದ್ದ ಬಂದೂಕುಗಳನ್ನೆಲ್ಲ ಹೊರತೆಗೆದು, ನಡುಮನೆಯಲ್ಲಿ, ಮಲಗುವ ಕೋಣೆಯಲ್ಲಿ, ಅಂಗಳದಲ್ಲಿ, ಈಜುಕೊಳದ ದಂಡೆಯಲ್ಲಿ ಸಾಲುಸಾಲಾಗಿ ಹರಡಲಾಗಿದೆ. ರೈಫಲ್ಲುಗಳು ಒಂದು ದಿಕ್ಕಿಗೆ, ಪಿಸ್ತೂಲುಗಳು ಇನ್ನೊಂದು ದಿಕ್ಕಿಗೆ, ನಡುವೆ ಮಾಲೀಕ. ರಂಗವಲ್ಲಿಯ ಎಳೆಗಳಂತೆ ಎಡಬಲಗಳು ಸಮತೂಕವಾಗಿವೆ. ಕುಟುಂಬ, ಸ್ವಾತಂತ್ರ್ಯ, ಹವ್ಯಾಸ, ಶೈಲಿ ಎಂಬ ನಾಲ್ಕು ಶೀರ್ಷಿಕೆಗಳಡಿ ಚಿತ್ರಗಳನ್ನು ವಿಂಗಡಿಸಲಾಗಿದೆ. ಮಾಲೀಕರನ್ನು ಹೀಗಳೆಯುವ ಒಂದು ಗೆರೆಯೂ ಚಿತ್ರಗಳಲ್ಲಿಲ್ಲ. ಅವರು ತಮ್ಮ ಇಚ್ಛೆಯಿಂದಲೇ ಕುಳಿತಿದ್ದಾರೆ, ಅನೇಕರ ಮುಖದಲ್ಲಿ ಹೆಮ್ಮೆಯೂ ಇದೆ.

ಇದೇ ಛಾಯಾಗ್ರಾಹಕರ ಹಿಂದಿನ ಗ್ರಂಥ, ೨೦೧೪ರ ‘ಟಾಯ್ ಸ್ಟೋರೀಸ್’, ಐವತ್ತಕ್ಕೂ ಹೆಚ್ಚು ದೇಶಗಳ ಮಕ್ಕಳನ್ನು ಅವರ ಆಟಿಕೆಗಳ ನಡುವೆ ಇದೇ ಕ್ರಮದಲ್ಲಿ ತೋರಿಸಿತ್ತು. ಎರಡು ಗ್ರಂಥಗಳನ್ನೂ ಬಲ್ಲವರಿಗೆ ಹೋಲಿಕೆಯನ್ನು ಬೇರೆಯವರು ಹೇಳಬೇಕಾಗಿಲ್ಲ. 

ಹೀಗಿದ್ದರೂ ಒಂದು ಮೂಲ ಪ್ರಶ್ನೆ ಉಳಿಯುತ್ತದೆ. ಈ ಚಿತ್ರಗಳಲ್ಲಿರುವವರು ಅಮೆರಿಕದ ಸಾಮಾನ್ಯ ಬಂದೂಕು ಮಾಲೀಕರೆ? ಗ್ರಂಥದ ಹೆಸರೇ ದೇಶದ ಹೆಸರನ್ನೂ ಬಂದೂಕಿನ ಹೆಸರನ್ನೂ ಬೆಸೆದಿರುವುದರಿಂದ, ಇಡೀ ದೇಶದ ಮನೆಗಳು ಹೀಗೆಯೇ ಇವೆಯೆಂದು ಓದುಗ ಭಾವಿಸಿದರೆ ತಪ್ಪು ಓದುಗನದಲ್ಲ. ಅಂಕಿಗಳು ಬೇರೆಯದನ್ನೇ ಹೇಳುತ್ತವೆ.

ಹಾರ್ವರ್ಡ್ ಮತ್ತು ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ೨೦೧೫ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅಲ್ಲಿನ ವಯಸ್ಕರಲ್ಲಿ ಶೇಕಡಾ ೨೨ರಷ್ಟು ಜನರ ಬಳಿ ಬಂದೂಕುಗಳಿದ್ದವು. ಒಟ್ಟು ಬಂದೂಕುಗಳು ಸುಮಾರು ೨೬.೫ ಕೋಟಿ, ಮಾಲೀಕನೊಬ್ಬನಿಗೆ ಸರಾಸರಿ ೪.೮. ಎಂದರೆ ಹೆಚ್ಚುಕಡಿಮೆ ಐದು. ಪತ್ರಿಕೆಗಳು ಬರೆದದ್ದೂ ಈ ಐದನ್ನೇ. ಆದರೆ ಸರಾಸರಿ ಎಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಪರಿಚಯವಿರುವ ಮಾಯೆ. ಹತ್ತು ಅಂಗಡಿಗಳ ಬೀದಿಯಲ್ಲಿ ಒಂದು ಅಂಗಡಿ ಲಕ್ಷಾಂತರ ವಹಿವಾಟು ನಡೆಸಿದರೆ ಉಳಿದ ಒಂಬತ್ತೂ ಕಾಗದದ ಮೇಲೆ ಶ್ರೀಮಂತವಾಗುತ್ತವೆ. ಅದೇ ಸಮೀಕ್ಷೆಯಲ್ಲಿ ಮಾಲೀಕರ ಶೇಕಡಾ ೧೪ರಷ್ಟು ಮಂದಿ, ಸುಮಾರು ೭೭ ಲಕ್ಷ ಜನ, ದೇಶದ ಅರ್ಧದಷ್ಟು ಬಂದೂಕುಗಳನ್ನು ಹೊಂದಿದ್ದರು. ಇವರಲ್ಲಿ ಒಬ್ಬೊಬ್ಬರ ಬಳಿ ಎಂಟರಿಂದ ನೂರನಲವತ್ತರವರೆಗೆ, ಸರಾಸರಿ ಹದಿನೇಳು. ಇವರನ್ನು ಬದಿಗಿಟ್ಟು ಉಳಿದ ಅರ್ಧವನ್ನು ಉಳಿದ ಮಾಲೀಕರಿಗೆ ಹಂಚಿದರೆ ತಲೆಗೆ ಮೂರೂ ಬರುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ೨೦೧೭ರ ವರದಿಯೂ ಇದಕ್ಕೆ ಹೊಂದುತ್ತದೆ. ಮಾಲೀಕರಲ್ಲಿ ಮೂರನೆಯ ಒಂದು ಭಾಗದವರ ಬಳಿ ಒಂದೇ ಬಂದೂಕು; ಐದು ಅಥವಾ ಹೆಚ್ಚು ಇದ್ದವರು ಶೇಕಡಾ ೨೯. ಹತ್ತರಲ್ಲಿ ಏಳು ಮಂದಿ ಒಂದರಿಂದ ನಾಲ್ಕರೊಳಗೇ ನಿಂತಿದ್ದಾರೆ.

ಆದುದರಿಂದ ‘ದಿ ಅಮೆರಿಗನ್ಸ್’ ತೋರಿಸುವುದು ದೊಡ್ಡ ಗೋದಾಮುಗಳನ್ನು. ಬೀದಿಯ ಉಳಿದ ಅಂಗಡಿಗಳು ಅದರಲ್ಲಿಲ್ಲ. ಇದು ಕಲಾವಿದನ ಹಕ್ಕು ಎನ್ನಬಹುದು. ನಾಲ್ಕು ಬಂದೂಕುಗಳಿಂದ ಮಂಡಲ ರಚಿಸಲು ಬಾರದು. ಆದರೆ ಈ ಆಯ್ಕೆಯಿಂದ ವಿಚಾರದ ಒಂದು ಮುಖ್ಯ ಭಾಗ ಮರೆಯಾಗಿದೆ.

ಬಂದೂಕು ಸವೆದುಹೋಗುವ ಸರಕಲ್ಲ. ಅಜ್ಜ ಕೊಂಡದ್ದು ಮೊಮ್ಮಗನ ಕೈಯಲ್ಲಿಯೂ ಸಿಡಿಯುತ್ತದೆ. ಜಿಂಕೆಯ ಬೇಟೆಗೊಂದು, ಹಕ್ಕಿಗಳಿಗೊಂದು, ಗುರಿಯ ಅಭ್ಯಾಸಕ್ಕೊಂದು, ತಂದೆಯಿಂದ ಬಂದದ್ದೊಂದು ಎಂದು ಹಳ್ಳಿಗಾಡಿನ ಕುಟುಂಬದಲ್ಲಿ ನಾಲ್ಕೈದು ಕೂಡುವುದು ಅಲ್ಲಿ ಆಶ್ಚರ್ಯದ ಸಂಗತಿಯಲ್ಲ. ಬೇಟೆಯ ಪಾಪ ಬೇರೆ ವಿಚಾರ. ಸಂಖ್ಯೆ ಹೇಗೆ ಬೆಳೆಯುತ್ತದೆಂಬುದಷ್ಟೇ ಇಲ್ಲಿ ಪ್ರಸ್ತುತ. ೧೯೯೪ರ ಸಮೀಕ್ಷೆಯೊಂದು ದೇಶದ ಒಟ್ಟು ಬಂದೂಕುಗಳನ್ನು ೧೯.೨ ಕೋಟಿಯೆಂದು ಅಂದಾಜು ಮಾಡಿತ್ತು. ಇಪ್ಪತ್ತೊಂದು ವರ್ಷಗಳಲ್ಲಿ ಅದಕ್ಕೆ ಏಳು ಕೋಟಿಗೂ ಮಿಕ್ಕಿ ಸೇರಿತು, ಪಿಸ್ತೂಲುಗಳ ಪಾಲು ಏರಿತು. ಕಾರಣವನ್ನು ಕೇಳಿದಾಗ ೨೦೨೩ರಲ್ಲಿ ಮಾಲೀಕರ ಶೇಕಡಾ ೭೨ರಷ್ಟು ಜನ ಆತ್ಮರಕ್ಷಣೆಯೇ ಪ್ರಧಾನ ಕಾರಣವೆಂದು ಪ್ಯೂ ಕೇಂದ್ರಕ್ಕೆ ಹೇಳಿದರು. ಬೇಟೆಗಾರನಿಗೆ ಬೇಕಾದ ಕೋವಿಗಳಿಗೆ ಒಂದು ಮೇರೆಯಿದೆ, ಕಾಡಿನ ಮೃಗಗಳ ಬಗೆ ಇಷ್ಟೇ ಎಂದು ಎಣಿಸಬಹುದು. ಭಯಕ್ಕೆ ಅಂಥ ಮೇರೆಯಿಲ್ಲ. ಆಹಾರ, ಭಯ, ಮೈಥುನ, ಪರಿಗ್ರಹ ಎಂದು ಜೈನಾಗಮಗಳು ನಾಲ್ಕು ಸಂಜ್ಞೆಗಳನ್ನು ಎಣಿಸುವಾಗ ಭಯವನ್ನೂ ಪರಿಗ್ರಹವನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿರುವುದನ್ನು ಇಲ್ಲಿ ನೆನೆಯಬೇಕು. ಒಂದರ ಬಲದಿಂದ ಇನ್ನೊಂದು ಬೆಳೆಯುವುದನ್ನು ಈ ಚಿತ್ರಗಳಷ್ಟು ಸ್ಪಷ್ಟವಾಗಿ ತೋರಿಸುವ ಲೌಕಿಕ ಕೃತಿ ಇನ್ನೊಂದು ಸುಲಭವಾಗಿ ಸಿಗದು. ಗ್ರಂಥದ ನಾಲ್ಕು ಶೀರ್ಷಿಕೆಗಳಲ್ಲಿ ಮಾತ್ರ ಭಯದ ಹೆಸರಿಲ್ಲ. ಇದನ್ನು ಕೃತಿಯ ದೊಡ್ಡ ಕೊರತೆಯೆಂದೇ ಹೇಳಬೇಕಾಗುತ್ತದೆ.

ಇನ್ನು ಹಾನಿಯ ಲೆಕ್ಕ. ೨೦೨೧ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು ೪೮,೮೩೦. ಅವರಲ್ಲಿ ೨೬,೩೨೮ ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜನ, ತಮ್ಮನ್ನು ತಾವೇ ಕೊಂದುಕೊಂಡವರು. ಕ್ಯಾಲಿಫೋರ್ನಿಯಾದಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಅಧ್ಯಯನದಲ್ಲಿ, ಪಿಸ್ತೂಲು ಇಟ್ಟುಕೊಂಡ ಪುರುಷರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಇಟ್ಟುಕೊಳ್ಳದವರಿಗಿಂತ ಎಂಟು ಪಟ್ಟು ಹೆಚ್ಚೆಂದೂ, ಸ್ತ್ರೀಯರಲ್ಲಿ ಮೂವತ್ತೈದು ಪಟ್ಟೆಂದೂ ತಿಳಿದುಬಂತು. ಇದಕ್ಕೆ ಹದಿನೇಳು ಬಂದೂಕುಗಳು ಬೇಡ. ಒಂದು ಸಾಕು, ಅದೂ ಹಾಸಿಗೆಯ ಪಕ್ಕದ ಮೇಜಿನ ಸೆಳೆಖಾನೆಯಲ್ಲಿರುವಂಥದು. ಗುಂಡು ತುಂಬಿದ, ಬೀಗ ಹಾಕದ ಬಂದೂಕು ಇರುವ ಮನೆಗಳಲ್ಲಿ ೪೬ ಲಕ್ಷ ಮಕ್ಕಳು ವಾಸಿಸುತ್ತಿದ್ದರೆಂದು ೨೦೧೫ರ ಅದೇ ಸಮೀಕ್ಷೆಯ ಅಂದಾಜು. ದೊಡ್ಡ ಸಂಗ್ರಹ ನಿರಪಾಯವೆಂದು ಇದರ ಅರ್ಥವಲ್ಲ. ವರ್ಷಕ್ಕೆ ಸುಮಾರು ೩ ಲಕ್ಷ ೮೦ ಸಾವಿರ ಬಂದೂಕುಗಳು ಖಾಸಗಿ ಮಾಲೀಕರಿಂದ ಕಳವಾಗುತ್ತವೆಯೆಂದೂ, ಹೆಚ್ಚು ಇಟ್ಟುಕೊಂಡವರ ಮನೆಗಳಲ್ಲಿ ಕಳವಿನ ಸಂಭವ ಹೆಚ್ಚೆಂದೂ ಆ ವಿದ್ವಾಂಸರೇ ಹೇಳಿದ್ದಾರೆ. ಕದ್ದ ಬಂದೂಕು ಯಾರ ಕೈ ಸೇರಿ ಯಾರ ಪ್ರಾಣ ತೆಗೆಯಿತೆಂಬುದು ಕಳೆದುಕೊಂಡವನಿಗೆ ತಿಳಿಯುವುದೇ ಇಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಕೊಡುವ ಇಚ್ಛೆಯಿಲ್ಲದೆ, ಕಾಯಲಾರದಷ್ಟು ಕೂಡಿಹಾಕಿ ಕಳೆದುಕೊಂಡವನು ಈ ದಾನದಿಂದ ಎಷ್ಟು ದೂರದವನು? ವಿದ್ವಜ್ಜನರು ಚರ್ಚಿಸತಕ್ಕ ಪ್ರಶ್ನೆಯಿದು.

ಜೈನ ಗೃಹಸ್ಥನಿಗೆ ಆಯುಧವೇ ಅಸ್ಪೃಶ್ಯವೆಂದು ಯಾರೂ ವಾದಿಸಲಾರರು. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಗಂಗರ ದಂಡನಾಯಕ. ವಿರೋಧಿ ಹಿಂಸೆಗೂ ಸಂಕಲ್ಪಿ ಹಿಂಸೆಗೂ ಶಾಸ್ತ್ರಕಾರರು ಅಂತರ ಹೇಳಿದ್ದಾರೆ. ಆಕ್ಷೇಪವಿರುವುದು ಅಳತೆಯಿಲ್ಲದಿರುವುದಕ್ಕೆ. ಇಲ್ಲಿ ಸೂಕ್ಷ್ಮವೊಂದಿದೆ. ಉಮಾಸ್ವಾತಿಗಳ ಮತದಲ್ಲಿ ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿರುವ ಮೂರ್ಛೆ. ಹಾಗೆಂದ ಮೇಲೆ ಸಂಖ್ಯೆಗೇನು ಬೆಲೆ? ಒಂದೇ ಪಿಸ್ತೂಲನ್ನು ದಿಂಬಿನಡಿ ಇಟ್ಟುಕೊಂಡು ನಿದ್ದೆಗೆಟ್ಟವನ ಮೂರ್ಛೆ, ತಾತನ ಕಾಲದ ಹತ್ತು ಕೋವಿಗಳಿಗೆ ಎಣ್ಣೆ ಹಚ್ಚಿಟ್ಟು ಮರೆತವನದಕ್ಕಿಂತ ತೀವ್ರವಾಗಿರಬಹುದು. ಆದರೂ ಗೃಹಸ್ಥನಿಗೆ ವಿಧಿಸಿದ ವ್ರತದ ಹೆಸರು ಪರಿಗ್ರಹ ಪರಿಮಾಣ. ಹೊಲ, ಮನೆ, ಚಿನ್ನ, ಧಾನ್ಯಗಳನ್ನು ಎಣಿಸಿ ಇಷ್ಟೇ ಎಂದು ಗೆರೆ ಎಳೆಯಬೇಕು. ಮೂರ್ಛೆಯನ್ನು ತೂಗುವ ತಕ್ಕಡಿ ಗೃಹಸ್ಥನ ಬಳಿ ಇಲ್ಲದಿರುವುದರಿಂದಲೇ ಆಚಾರ್ಯರು ಅವನ ಕೈಗೆ ಎಣಿಕೆಯನ್ನು ಕೊಟ್ಟರು. (ಗೆರೆಯನ್ನು ಆಸ್ತಿಗಿಂತ ಹತ್ತು ಪಟ್ಟು ದೂರದಲ್ಲಿ ಎಳೆದುಕೊಂಡು ವ್ರತ ಸಾಧಿಸಿದ ತೃಪ್ತಿ ಪಡುವ ಮನೆಗಳು ಸಮಾಜದಲ್ಲಿ ಇಲ್ಲದಿಲ್ಲ. ಗಲಿಂಬೆರ್ತಿಯವರ ಕ್ಯಾಮೆರಾವನ್ನು ಮದುವೆಯ ಹಿಂದಿನ ದಿನ ಒಡವೆಯ ಪೆಟ್ಟಿಗೆಯ ಮುಂದೆ ನಿಲ್ಲಿಸಿದರೆ ಮಂಡಲ ಚೆನ್ನಾಗಿಯೇ ಮೂಡೀತು.)

ಅಮೆರಿಕದ ಶಾಸನ ಎಣಿಸುವುದನ್ನೇ ನಿರಾಕರಿಸಿದೆ. ೧೭೯೧ರ ಎರಡನೆಯ ತಿದ್ದುಪಡಿ ಆಯುಧದ ಹಕ್ಕನ್ನು ಸಂವಿಧಾನದಲ್ಲಿರಿಸಿತು. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮನೆಯಲ್ಲಿ ಆತ್ಮರಕ್ಷಣೆಗಾಗಿ ಪಿಸ್ತೂಲು ಇಡುವ ವ್ಯಕ್ತಿಯ ಹಕ್ಕೆಂದು ವ್ಯಾಖ್ಯಾನಿಸಿತು. ೧೯೮೬ರ ಕಾಯಿದೆಯೊಂದು ಸಾಮಾನ್ಯ ಬಂದೂಕುಗಳಿಗೆ ಕೇಂದ್ರ ಸರ್ಕಾರ ನೋಂದಣಿ ಪುಸ್ತಕ ತೆರೆಯದಂತೆ ತಡೆಯಿತು. ಫಲವಾಗಿ ದಾಸ್ತಾನಿನ ಲೆಕ್ಕವೇ ಅಂದಾಜು. ೨೦೧೫ರ ಸಮೀಕ್ಷೆ ೨೬.೫ ಕೋಟಿಯೆಂದರೆ, ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ ೨೦೧೭ರ ಕೊನೆಗೆ ೩೯.೩ ಕೋಟಿಯೆಂದಿತು. ಹದಿಮೂರು ಕೋಟಿಯಷ್ಟು ವ್ಯತ್ಯಾಸ! ಸಾಬೂನಿನ ದಾಸ್ತಾನಿನಲ್ಲಿಯೂ ಇಂಥ ಅಂತರವನ್ನು ಯಾವ ಲೆಕ್ಕಪರಿಶೋಧಕನೂ ಸಹಿಸಲಾರ.

ನಮ್ಮ ದೇಶದ ಕಾನೂನು ಎಣಿಸುತ್ತದೆ. ೧೯೫೯ರ ಆಯುಧ ಕಾಯಿದೆಗೆ ೧೯೮೩ರಲ್ಲಿ ಬಂದ ತಿದ್ದುಪಡಿ ಒಬ್ಬನಿಗೆ ಮೂರು ಬಂದೂಕುಗಳ ಮಿತಿ ಹಾಕಿತು, ೨೦೧೯ರ ತಿದ್ದುಪಡಿ ಅದನ್ನು ಎರಡಕ್ಕಿಳಿಸಿತು. ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡಗಿನವರ ವಿಚಾರ ವಿಶೇಷ. ೨೦೨೯ರವರೆಗೆ ಆ ವಿನಾಯಿತಿ ಮುಂದುವರಿದಿದೆ. ಮಲೆನಾಡಿನ ಕೃಷಿಕನ ಬೆಳೆರಕ್ಷಣೆಯ ಕೋವಿ ಚುನಾವಣೆ ಬಂದೊಡನೆ ಠಾಣೆಗೆ ಜಮೆಯಾಗಬೇಕು. ಎಣಿಸುವ ಕಾನೂನು ಇದ್ದಮಾತ್ರಕ್ಕೆ ಎಲ್ಲವೂ ಎಣಿಕೆಗೆ ಸಿಗುತ್ತದೆಂದಲ್ಲ. ಅದೇ ಜಿನೀವಾ ಸಂಸ್ಥೆ ಭಾರತದಲ್ಲಿ ಖಾಸಗಿಯವರ ಬಳಿ ೭.೧ ಕೋಟಿ ಬಂದೂಕುಗಳನ್ನು ಅಂದಾಜು ಮಾಡಿದೆ. ಲೈಸೆನ್ಸ್ ಇರುವವು ಅದರಲ್ಲಿ ಒಂದು ಕೋಟಿಯೂ ಇಲ್ಲ.

ಈ ಹಿನ್ನೆಲೆಯಲ್ಲಿ ‘ದಿ ಅಮೆರಿಗನ್ಸ್’ ಗ್ರಂಥದ ಗುಣವೂ ದೋಷವೂ ಒಂದೇ ಕಡೆ ಕಾಣುತ್ತವೆ. ಸರ್ಕಾರ ತೆರೆಯದ ಲೆಕ್ಕದ ಪುಸ್ತಕವನ್ನು ಒಬ್ಬ ಪರದೇಶಿ ಛಾಯಾಗ್ರಾಹಕ ಮನೆಮನೆಯ ನೆಲದ ಮೇಲೆ ತೆರೆದಿದ್ದಾನೆ. ತಿಜೋರಿಯ ಕತ್ತಲಲ್ಲಿ ಒಂದೊಂದಾಗಿ ಕೂಡಿದ್ದನ್ನು ಮಾಲೀಕನೇ ಹೊರತೆಗೆದು ಸಾಲಿಟ್ಟು ನಡುವೆ ಕುಳಿತಿದ್ದಾನೆ. ಕಾಲಿಡಲು ಜಾಗವಿಲ್ಲದಂತೆ ತನ್ನ ವಸ್ತುಗಳೇ ಅವನನ್ನು ಸುತ್ತುವರಿದಿವೆ. ಪುಟಗಟ್ಟಲೆ ಉಪದೇಶ ಮಾಡಲಾಗದ್ದನ್ನು ಆ ನೋಟ ಮಾಡುತ್ತದೆ. ದೋಷವಿರುವುದು ಆ ನೋಟದ ಸೊಬಗಿನಲ್ಲಿ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕಲಾವಿದ ಮೊದಲಿನ ಎರಡಕ್ಕೆ ಹೊಣೆಯಲ್ಲ. ಆದರೆ ಕೊಲ್ಲುವ ಉಪಕರಣಗಳನ್ನು ಇಷ್ಟು ಅಂದವಾಗಿ ಜೋಡಿಸಿ, ಇಷ್ಟು ಒಳ್ಳೆಯ ಬೆಳಕಿನಲ್ಲಿ ತೋರಿಸಿದಾಗ ನೋಡುವವನ ಕಣ್ಣು ಮೆಚ್ಚುತ್ತದೆ. ಮಾಲೀಕನ ಹೆಮ್ಮೆಗೆ ಚಿತ್ರ ದೃಷ್ಟಿಬೊಟ್ಟಿಡುವಂತಿದೆ. ತನ್ನ ಭಾವಚಿತ್ರವನ್ನು ನಡುಮನೆಯಲ್ಲಿ ತೂಗುಹಾಕಿಕೊಳ್ಳಲು ಅವರಲ್ಲಿ ಯಾವನೂ ಸಂಕೋಚಪಡಲಾರ, ಅದನ್ನು ಕಂಡು ಒಂದು ಬಂದೂಕನ್ನಾದರೂ ಕಡಿಮೆ ಮಾಡಿಕೊಳ್ಳಲಾರ.

ಗ್ರಂಥದಲ್ಲಿ ಇನ್ನೊಂದು ಚಿತ್ರ ಇರಬೇಕಾಗಿತ್ತು. ಸಾಧಾರಣವಾದೊಂದು ಮಲಗುವ ಕೋಣೆ, ಅಸ್ತವ್ಯಸ್ತವಾದ ಹಾಸಿಗೆ, ಪಕ್ಕದಲ್ಲಿ ಅರೆತೆರೆದ ಸೆಳೆಖಾನೆ, ಅದರೊಳಗೆ ಮಾತ್ರೆಗಳ ಶೀಶೆಯ ಪಕ್ಕ ಒಂದೇ ಒಂದು ಪಿಸ್ತೂಲು. ಲಕ್ಷಾಂತರ ಮನೆಗಳ ಚಿತ್ರ ಅದೇ. ಅದರಲ್ಲಿ ಮಂಡಲವಿಲ್ಲ, ಸಮತೂಕವಿಲ್ಲ, ಬಹುಮಾನ ಬರುವಂಥದೇನೂ ಇಲ್ಲ.