ಓರೆಯ ಸೊಗಸು

ಸ್ಕೇಟಿಂಗ್ ಸ್ಪರ್ಧೆಗಳಲ್ಲಿ ಚಪ್ಪಾಳೆ ಬೀಳುವುದು ಜಿಗಿತಕ್ಕೆ, ಗಿರಕಿಗೆ. ನನಗೆ ರುಚಿಸುವುದು ಅವೆರಡರ ನಡುವಿನ ಹೆಜ್ಜೆಗಾರಿಕೆ. ಒಂದೇ ಕಾಲಿನ ಮೇಲೆ ಮೈ ವಾಲಿಸಿ ಬಳಸಿ ಸಾಗುತ್ತಿದ್ದವರು ನೋಡನೋಡುತ್ತಲೇ ಹಿಮ್ಮುಖವಾಗಿ ಸಾಗತೊಡಗುವ ಆ ಚೆಂದ. ಪುಣೆಯಲ್ಲಿ ಇದನ್ನು ಸವಿಯಲು ಮಂಜುಗಡ್ಡೆ ಬೇಕಿಲ್ಲ. ಇಲ್ಲಿಯ ಮಕ್ಕಳು ಕಲಿಯುವುದು ಗಾಲಿಯ ಮೇಲೆ. ಪಕ್ಕದ ನಿಗಡಿಯಲ್ಲಿ ಅಲ್ಲಿಯ ಪಾಲಿಕೆಯದೇ ಸ್ಕೇಟಿಂಗ್ ಮೈದಾನವಿದೆ. ಸಂಜೆಯಾದರೆ ಶಾಲೆಗಳ, ಹೌಸಿಂಗ್ ಸೊಸೈಟಿಗಳ ಅಂಗಳಗಳಲ್ಲೂ ಗಾಲಿಗಳ ಗರಗರ ಕೇಳುತ್ತದೆ. ಬಹುಪಾಲು ಮಕ್ಕಳು ವೇಗಕ್ಕೆ ಮರುಳಾದವರು. ಎರಡೆರಡು ಗಾಲಿಗಳ ಜೋಡಿಯಿರುವ ಕ್ವಾಡ್ ಬೂಟು ಕಟ್ಟಿ, ನಿಧಾನವಾಗಿ ಸುತ್ತು ಹಾಕುವ ಆರ್ಟಿಸ್ಟಿಕ್ ಸ್ಕೇಟಿಂಗಿನವರು ಕಡಿಮೆ.

ಈ ಬೂಟಿನ ಗುಟ್ಟು ಹಳೆಯದು. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಗಾಲಿಯ ಅಚ್ಚಿಗೂ ಬೂಟಿನ ತಳಕ್ಕೂ ನಡುವೆ ರಬ್ಬರ್ ಇಟ್ಟ. ಪಾದ ಒಂದು ಬದಿಗೆ ವಾಲಿದರೆ ರಬ್ಬರ್ ಅದುಮಿಕೊಂಡು, ಅಚ್ಚುಗಳು ಓರೆಯಾಗಿ, ಸ್ಕೇಟ್ ತಾನಾಗಿ ಬಾಗಿ ಓಡುತ್ತದೆ. ನೆಟ್ಟಗೆ ನಿಂತವರನ್ನು ಅದು ನೇರಕ್ಕೆ ಒಯ್ಯುತ್ತದೆ, ಅಷ್ಟೆ. ಬೀಳುವ ದಿಕ್ಕಿಗೇ ಮೈ ಕೊಟ್ಟವರಿಗೆ ಮಾತ್ರ ತಿರುವು ದಕ್ಕುತ್ತದೆ. ಅಂಜಿದ ಮೈ ಮಾಡುವುದು ಇದರ ತದ್ವಿರುದ್ಧ: ಮಂಡಿ ಸೆಟೆಯುತ್ತದೆ, ನೋಟ ನೆಲಕ್ಕಿಳಿಯುತ್ತದೆ, ಸೊಂಟ ಹಿಂದಕ್ಕೆ ಸರಿಯುತ್ತದೆ. ಬೀಳಬಾರದೆಂಬ ಹಟವೇ ಬೀಳಿಸುತ್ತದೆ.

ಅದಕ್ಕೇ ಮೊದಲ ಪಾಠ ಬೀಳುವುದು. ಮಂಡಿ ಮಡಿಸಿ ಕುಗ್ಗಬೇಕು, ಪಕ್ಕಕ್ಕೆ ಒರಗಬೇಕು, ತೊಡೆಯ ಬದಿಯನ್ನು ನೆಲಕ್ಕೆ ಕೊಡಬೇಕು. ಅಂಗೈ ಚಾಚಿದರೆ ಮಣಿಕಟ್ಟಿಗೆ ಅಪಾಯ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಸಬೂಬು ಇಲ್ಲಿ ಯಾರಿಗೂ ಬೇಕಿಲ್ಲ, ಎಲ್ಲರ ಮೀಸೆಯೂ ಮೊದಲ ವಾರವೇ ಮಣ್ಣಾಗಿರುತ್ತದೆ. ಆಮೇಲೆ ಸಂಜೆಯುದ್ದಕ್ಕೂ ಕೇಳುವುದು ಗುರುಗಳ ಒಂದೇ ಮರಾಠಿ ಕೂಗು: "ಗುಡಘಾ ವಾಕವ್!" ಮಂಡಿ ಬಗ್ಗಿಸು ಎಂದು. ಬಗ್ಗಿದ ಮಂಡಿ ಮೈಯ ಭಾರವನ್ನು ಕೆಳಗಿಳಿಸಿ ಕಾಯುತ್ತದೆ, ವಾಲಲು ಎಡೆಯನ್ನೂ ಕೊಡುತ್ತದೆ.

ಇಷ್ಟಾದ ಮೇಲೆ ತ್ರೀ ಟರ್ನ್. ಸಾಗುವ ಹಾದಿ 3 ಅಂಕಿಯಂತೆ ಕಾಣುವುದರಿಂದ ಆ ಹೆಸರು. ಹುಡುಗಿಯೊಬ್ಬಳು ಎಡಗಾಲಿನ ಹೊರ ಅಂಚಿಗೆ ವಾಲಿ ಮುಂದೆ ಸಾಗುತ್ತಾಳೆ. ಮೊದಲು ಭುಜ ತಿರುಗುತ್ತದೆ, ಸೊಂಟ ಇನ್ನೂ ತಡೆದಿರುತ್ತದೆ. ಮಡಿಸಿದ ಮಂಡಿ ಮೆಲ್ಲನೆ ಏಳುತ್ತದೆ, ಪಾದದ ಮೇಲಿನ ಭಾರ ಅರೆಗಳಿಗೆ ಹಗುರಾಗುತ್ತದೆ. ಆ ಸಂದಿನಲ್ಲಿ ಪಾದ ಹೊರಳಿ, ಅದೇ ಕಾಲು ಈಗ ಒಳ ಅಂಚಿನ ಮೇಲೆ ಹಿಂದಕ್ಕೆ ಹರಿಯುತ್ತದೆ; ಮಂಡಿ ಮತ್ತೆ ಇಳಿಯುತ್ತದೆ. ಹೊಸಬರಲ್ಲಿ ಈ ತಿರುವು ಕರ್ರೆಂದು ಕೆರೆಯುತ್ತದೆ. ಪಳಗಿದವರಲ್ಲಿ ಎಲ್ಲಿ ತಿರುಗಿದರೆಂದು ಕಿವಿಗೆ ತಿಳಿಯುವುದೇ ಇಲ್ಲ. ಗದಗಿನ ಭೀಮಸೇನ ಜೋಶಿಯವರು ನೆಲೆಸಿ ಹಾಡಿದ ಊರು ಈ ಪುಣೆ. ಒಂದು ಸ್ವರದಿಂದ ಇನ್ನೊಂದಕ್ಕೆ ತುಂಡಾಗದೆ ಜಾರುವ ಮೀಂಡಿಗೆ ಕಿವಿಗೊಟ್ಟವರಿಗೆ ಈ ಜಾರಿಕೆಯ ರುಚಿ ಬೇಗ ಹತ್ತುತ್ತದೆ. ಮೊಹಾಕ್ ಎಂಬ ಇನ್ನೊಂದು ತಿರುವಿನಲ್ಲಿ ಕಾಲೇ ಬದಲಾಗುತ್ತದೆ, ಆದರೂ ಬಾಗು ಅದೇ ಮುಂದುವರಿಯಬೇಕು. ಕಣ್ಣಿಗೆ ಬೀಳದ ಹಿಂಗಾಲನ್ನು ನಂಬಿ ಭಾರ ಒಪ್ಪಿಸುವಾಗ, ಹೋಯಿತೆಂದುಕೊಂಡಿದ್ದ ಅಂಜಿಕೆ ಮತ್ತೆ ತಲೆಯೆತ್ತುತ್ತದೆ.

ಮಂಜಿನ ಮೇಲೆ ಅಲಗು ತನ್ನ ಗೆರೆ ಬಿಟ್ಟು ಹೋಗುತ್ತದೆ, ಗಾಲಿ ಬಿಡುವುದಿಲ್ಲ. ಆದ್ದರಿಂದ ಗಾಲಿಯವರು 6 ಮೀಟರ್ ವ್ಯಾಸದ ವೃತ್ತಗಳನ್ನು ನೆಲದ ಮೇಲೆ ಬರೆದಿಟ್ಟು, ಆ ಗೆರೆಯ ಮೇಲೆಯೇ ತಿರುವುಗಳನ್ನು ತಿದ್ದುತ್ತಾರೆ. ಮಂಜಿನ ಅಂತರರಾಷ್ಟ್ರೀಯ ಸ್ಪರ್ಧೆಗಳು 1990ರಲ್ಲಿ ಈ ವೃತ್ತದಾಟವನ್ನು ಕೈಬಿಟ್ಟವು; ಗಾಲಿಯ ಜಗತ್ತು ಆಗಲೂ ಬಿಡಲಿಲ್ಲ. ಸಂಗೀತವಿಲ್ಲ, ವೇಗವಿಲ್ಲ, ಅಡಗಲು ಮರೆಯೇ ಇಲ್ಲ. ಅವಸರದವರಿಗೆ ಬೇಸರ ತರಿಸುವ ಈ ನಿಧಾನದಲ್ಲೇ ರಸಿಕನಿಗೆ ಹಬ್ಬ. ಗಾಲಿಯ ಸ್ಕೇಟಿಂಗ್ ಭಾರತಕ್ಕೆ ಪದಕಗಳನ್ನೂ ತಂದಿದೆ: ಹೈದರಾಬಾದಿನ ಅನೂಪ್ ಕುಮಾರ್ ಯಾಮಾ 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಒಬ್ಬರೇ ಒಂದು, ಅವನಿ ಪಾಂಚಾಲ್ ಜೊತೆಗೂಡಿ ಇನ್ನೊಂದು ಕಂಚು ಗೆದ್ದದ್ದು ಗಾಲಿಯ ಮೇಲೆಯೇ.

ಅಭ್ಯಾಸದಿಂದ ಭಯ ಅಳಿಯುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ನುರಿತವರು ಓರೆಯನ್ನು ಹೆಚ್ಚಿಸಿದಷ್ಟೂ ಬೀಳುವ ಗಡಿಗೆ ಇನ್ನಷ್ಟು ಹತ್ತಿರವಾಗುತ್ತಾರೆ. ಬದಲಾಗುವುದು ಇಷ್ಟೇ: ಮೈಯನ್ನು ಸೆಟೆಸುತ್ತಿದ್ದ ಎಚ್ಚರ ಈಗ ಮಂಡಿಗಿಳಿದು ಕೆಲಸ ಮಾಡುತ್ತದೆ. ಬಿಗಿದ ಮಂಡಿಯವರು ಒಂದೂ ತಪ್ಪಿಲ್ಲದೆ ಮುಗಿಸಿದರೂ ಸಪ್ಪೆ. ಬಾಗಿದ ಮಂಡಿಯವರು ನಡುವೆ ಒಮ್ಮೆ ಬಿದ್ದೆದ್ದರೂ ಇನ್ನೊಂದು ಸುತ್ತು ನೋಡೋಣವೆನಿಸುತ್ತದೆ.