ಬಾಯಿ ಬಿಡಿಸದ ಪರೀಕ್ಷೆ

ನನ್ನ ಕೈಯಲ್ಲಿ ಕಲಿತು, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೇರಿದ ಹುಡುಗನೊಬ್ಬ ರಜೆಗೆ ಸಂಶಿಗೆ ಬಂದಾಗ ತನ್ನ ಕನ್ನಡ ಪುಸ್ತಕ ತಂದುಕೊಟ್ಟ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಸಾಂಸ್ಕೃತಿಕ ಕನ್ನಡ’. ಒಂದೇ ಸಂಜೆಗೆ ಓದಿ ಮುಗಿಸಿದೆ.

ಆಯ್ಕೆ ಚೆನ್ನಾಗಿದೆ. ವಚನಗಳಿವೆ, ಡಿ.ವಿ.ಜಿ.ಯವರ ಕಗ್ಗವಿದೆ. ವಿಶ್ವೇಶ್ವರಯ್ಯನವರನ್ನು ಕುರಿತು ಎ.ಎನ್. ಮೂರ್ತಿರಾಯರ ಲೇಖನವಿದೆ. ಸ್ವತಃ ಇಂಜಿನಿಯರಿಂಗ್ ಓದಿದ ವಸುಧೇಂದ್ರರ ‘ಯುಗಾದಿ’ ಕಥೆಯಿದೆ. ನಮ್ಮ ಧಾರವಾಡದ ಬೇಂದ್ರೆಯವರ ‘ಕುರುಡು ಕಾಂಚಾಣ’ವೂ ಇದೆ. ಮುಂದೆ ಸಿಗುವ ಸಂಬಳದ ಲೆಕ್ಕ ಹಾಕಿಯೇ ಕಾಲೇಜು ಸೇರುವ ಮಕ್ಕಳಿಗೆ, ಹಣ ಕುಣಿಯುತ್ತ ಯಾರನ್ನೆಲ್ಲ ತುಳಿಯುತ್ತದೆಂದು ತೋರಿಸುವ ಆ ಕವಿತೆಗಿಂತ ತಕ್ಕ ಪಾಠ ಯಾವುದು?

ಬೇಸರವಾದದ್ದು ಪರೀಕ್ಷೆಯ ವಿಷಯ ತಿಳಿದಾಗ. 2022ರ ಪಠ್ಯಕ್ರಮದಲ್ಲಿ ಇದು ಒಂದೇ ಕ್ರೆಡಿಟ್ಟಿನ ವಿಷಯ. ಕೊನೆಯ ಪರೀಕ್ಷೆ ಒಂದು ತಾಸು, 50 ಪ್ರಶ್ನೆ, ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿದರಾಯಿತು. ‘ಕಮ್ಯುನಿಕೇಟಿವ್ ಇಂಗ್ಲಿಷ್’ಗೂ ಇದೇ ಅಳತೆ! ಮಾತು ಕಲಿಸುವ ವಿಷಯದ ಪರೀಕ್ಷೆಯಲ್ಲಿ ಬಾಯಿಯನ್ನೇ ತೆರೆಯಬೇಕಿಲ್ಲ. ಕವಿಯ ಹೆಸರು ಗೊತ್ತೇ ಎಂಬುದನ್ನು ಹೀಗೆ ಅಳೆಯಬಹುದು. ಕವಿತೆ ಎದೆಗಿಳಿಯಿತೇ ಎಂಬುದನ್ನಲ್ಲ.

“ಅಕ್ಕೋರ, ಇಂಗ್ಲೀಷಿನ್ಯಾಗ ಮಾರ್ಕ್ಸ ಛಲೋ ಬಂದಾವ್ರಿ. ಆದ್ರ ಸೆಮಿನಾರಿಗೆ ನಿಂತ್ರ ಬಾಯಾಗ ಮಾತ ಹೊಂಡೂದಿಲ್ರಿ” ಎಂದ ಹುಡುಗ.

ತಪ್ಪು ಕಾಲೇಜಿನಲ್ಲಿ ಶುರುವಾದದ್ದಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯಕ್ಕೆ ಪ್ರಶ್ನೋತ್ತರ ಬರೆಸಿ, ಇವನಿಂದಲೇ ಬಾಯಿಪಾಠ ಮಾಡಿಸಿದವಳು ನಾನು. ಆ ಋಣ ತೀರಿಸುವವಳಂತೆ ‘ಕುರುಡು ಕಾಂಚಾಣ’ವನ್ನು ಗಟ್ಟಿಯಾಗಿ ಓದಿಸಿದೆ. ಎರಡನೆಯ ಸಲಕ್ಕೆ ಅವನ ಕಾಲು ತಾಳ ಹಾಕಿತು. “ಇದು ನಿನಗ ಏನ ಹೇಳ್ತದ?” ಎಂದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ, ಬಾಡಿಗೆ, ಹಮಾಲಿ ಕಳೆದು ಉಳಿದ ದುಡ್ಡನ್ನು ಮತ್ತೆ ಮತ್ತೆ ಎಣಿಸುತ್ತ ಕೂತ ತನ್ನ ಅಪ್ಪನ ಸಂಗತಿ ಹೇಳಿದ. ಅದನ್ನೇ ಇಂಗ್ಲೀಷಿನಲ್ಲಿ ಹೇಳೆಂದೆ. ತಡವರಿಸಿದ, ಕ್ರಿಯಾಪದಗಳನ್ನು ಕೆಡಿಸಿದ. ಆದರೆ ಹತ್ತು ವಾಕ್ಯ ಹೇಳಿದ, ಹತ್ತೂ ಅವನವೇ.

ಸಾಹಿತ್ಯ ಬೇರೆ, ಸಂವಹನ ಬೇರೆ ಎಂದು ಗೆರೆ ಎಳೆಯುವವರಿಗೆ ನನ್ನ ಉತ್ತರ ಇಷ್ಟೆ. ಹೇಳಬೇಕೆನಿಸುವ ಸಂಗತಿಯೊಂದು ಒಳಗೆ ಹುಟ್ಟಿದರೆ ಮಾತು ದಾರಿ ಹುಡುಕಿಕೊಳ್ಳುತ್ತದೆ. ಅದನ್ನು ಹುಟ್ಟಿಸುವುದು ಸಾಹಿತ್ಯದ ಕೆಲಸ. ಸಾವಿರಾರು ಮಕ್ಕಳ ಉತ್ತರ ತಿದ್ದುವ ಕಷ್ಟ ನನಗೂ ಗೊತ್ತು. ಆದರೆ ಆಂತರಿಕ ಅಂಕಗಳು ಕಾಲೇಜಿನ ಕೈಯಲ್ಲೇ ಇರುತ್ತವೆ. ಅವುಗಳಲ್ಲಿ ಕೆಲವನ್ನಾದರೂ ಐದು ನಿಮಿಷದ ಮಾತಿಗೆ ಮೀಸಲಿಡಲಿ. ಎದುರಿಗೆ ಕೂತು ಕೇಳುವ ಒಬ್ಬ ಮೇಷ್ಟ್ರು ಇದ್ದರೆ ಸಾಕು.